ಕೂಡಿದ ಬೆರಳುಗಳ ಮಗು: ಹುಟ್ಟಿದ ದಿನದಿಂದ ಶಾಲೆಯವರೆಗೆ ಏನು ಮಾಡಬೇಕು

ಎಂಟು ವರ್ಷಗಳ ಹಿಂದೆ ಸಿಂಧನೂರಿನಲ್ಲಿ ನನ್ನ ಮಗಳು ಹುಟ್ಟಿದಾಗ ಅವಳ ಬಲಗೈಯ ನಡುಬೆರಳು ಮತ್ತು ಉಂಗುರ ಬೆರಳು ಬುಡದಿಂದ ತುದಿಯವರೆಗೆ ಕೂಡಿಕೊಂಡಿದ್ದವು. ಉಗುರುಗಳು ಎರಡಿದ್ದವು, ನಡುವೆ ಕೂದಲೆಳೆಯಷ್ಟು ಗೆರೆ. ತೊಟ್ಟಿಲಿಗೆ ಹಾಕುವ ದಿನ ನಮ್ಮ ಅತ್ತೆ ಆ ಕೈಗೆ ಪುಟ್ಟ ಕಾಲುಚೀಲ ತೊಡಿಸಿದರು. ಬಂದವರ ಕಣ್ಣಿಗೆ ಬೀಳದಿರಲಿ ಎಂಬುದು ಅವರ ಆಸೆ. ನಾನೂ ಸುಮ್ಮನಿದ್ದೆ. ಐದು ತಿಂಗಳು ಆ ಚೀಲ ಕೈ ಬಿಟ್ಟು ಇಳಿಯಲಿಲ್ಲ, ಆ ಐದು ತಿಂಗಳು ನಾವು ಯಾವ ವೈದ್ಯರಿಗೂ ತೋರಿಸಲಿಲ್ಲ.

ಕೂಡಿದ್ದು ನಡುವಿನ ಜೋಡಿಯಾದ್ದರಿಂದ ನಮಗೆ ನಷ್ಟವಾಗಲಿಲ್ಲ. ಹೆಬ್ಬೆರಳೋ ಕಿರುಬೆರಳೋ ಆಗಿದ್ದರೆ ಅಷ್ಟರಲ್ಲಿ ಬೆರಳು ಸೊಟ್ಟಗಾಗಲು ಶುರುವಾಗಿರುತ್ತಿತ್ತು. ತೋರಿಸಲು ಒಂದು ದಿನವೂ ತಡ ಮಾಡಬಾರದು, ಕತ್ತರಿಸಲು ಒಂದು ದಿನವೂ ಆತುರ ಪಡಬಾರದು. ಇದು ಯಾರಾದರೂ ನನಗೆ ಹೆರಿಗೆ ವಾರ್ಡಿನಲ್ಲೇ ಹೇಳಿದ್ದರೆ ಎಷ್ಟೋ ರಾತ್ರಿಗಳ ನಿದ್ದೆ ಉಳಿಯುತ್ತಿತ್ತು. ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ತಾಯಂದಿರಿಗಾಗಿ, ಅಪ್ಪಂದಿರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಈಳಿಗೆ ಮುಟ್ಟಿದ್ದಕ್ಕೆ ಹೀಗಾಗಲಿಲ್ಲ

ಇಂಥ ಮಗು ಹುಟ್ಟಿದ ಮನೆಯಲ್ಲಿ ಮೊದಲು ಕೇಳಿಬರುವ ಪ್ರಶ್ನೆ ‘ಗ್ರಹಣದ ದಿನ ಏನು ಹೆಚ್ಚಿದೆ?’ ಎಂಬುದು. ನನ್ನನ್ನೂ ಕೇಳಿದರು. ಉತ್ತರ ಹುಡುಕುತ್ತಾ ನಾನೂ ತಿಂಗಳುಗಟ್ಟಲೆ ಹಳೆಯ ಕ್ಯಾಲೆಂಡರ್ ತಿರುವಿದೆ.

ನಡೆದದ್ದು ಇಷ್ಟು. ಗರ್ಭದಲ್ಲಿ ಕೈ ಮೂಡುವಾಗ ಮೊದಲು ಹಪ್ಪಳದಂತೆ ಚಪ್ಪಟೆಯಾಗಿರುತ್ತದೆ. ಸುಮಾರು ಆರನೆಯ ವಾರದಿಂದ ಎಂಟನೆಯ ವಾರದೊಳಗೆ ಬೆರಳುಗಳ ನಡುವಿನ ಜೀವಕೋಶಗಳು ತಾವಾಗಿಯೇ ಸಾಯುತ್ತವೆ, ಆ ಜಾಗ ಬಿಡಿಸಿಕೊಂಡು ಬೆರಳುಗಳು ಬೇರೆಯಾಗುತ್ತವೆ. ಎಲ್ಲಿ ಆ ಕೆಲಸ ಪೂರ್ಣವಾಗುವುದಿಲ್ಲವೋ ಅಲ್ಲಿ ಬೆರಳುಗಳು ಕೂಡಿಯೇ ಉಳಿಯುತ್ತವೆ. ಆ ಹೊತ್ತಿಗೆ ಎಷ್ಟೋ ಹೆಣ್ಣುಮಕ್ಕಳಿಗೆ ತಾವು ಬಸುರಿ ಎಂಬುದು ಖಾತ್ರಿಯಾಗಿರುವುದೂ ಇಲ್ಲ. ವೈದ್ಯರು ಇದನ್ನು ಸಿಂಡ್ಯಾಕ್ಟೈಲಿ ಎನ್ನುತ್ತಾರೆ. ಸರಿಸುಮಾರು 2,000ದಿಂದ 2,500 ಮಕ್ಕಳಲ್ಲಿ ಒಂದು ಮಗುವಿಗೆ ಹೀಗಾಗುತ್ತದೆ, ಗಂಡುಮಕ್ಕಳಲ್ಲಿ ಹೆಚ್ಚು. ಸುಮಾರು ಅರ್ಧದಷ್ಟು ಮಕ್ಕಳಿಗೆ ಎರಡೂ ಕೈಗಳಲ್ಲಿರುತ್ತದೆ. ಕೆಲವು ಮನೆತನಗಳಲ್ಲಿ ಇದು ಪೀಳಿಗೆಯಿಂದ ಪೀಳಿಗೆಗೆ ಬರುತ್ತದೆ. ಹೆಚ್ಚಿನ ಮನೆಗಳಲ್ಲಿ ಮಾತ್ರ ಹಿಂದೆ ಯಾರಿಗೂ ಇರುವುದಿಲ್ಲ. ಗ್ರಹಣಕ್ಕೂ ಈಳಿಗೆಗೂ ಬಸುರಿ ತಿಂದ ಯಾವ ಹಣ್ಣಿಗೂ ಇದಕ್ಕೂ ಸಂಬಂಧವಿಲ್ಲ. ಮನೆಯ ಹಿರಿಯರಿಗೆ ಈ ಮಾತನ್ನು ಗಂಡನೇ ಹೇಳಲಿ. ಹಸಿ ಬಾಣಂತಿಯ ಮೇಲೆ ಆ ಭಾರ ಬೇಡ.

ಮೊದಲ ವಾರ: ಕೈಯನ್ನಷ್ಟೇ ಅಲ್ಲ, ಮಗುವನ್ನು ಪೂರ್ತಿ ನೋಡಿಸಿ

ಆಸ್ಪತ್ರೆಯಿಂದ ಮನೆಗೆ ಹೊರಡುವ ಮುನ್ನ ಮಕ್ಕಳ ವೈದ್ಯರನ್ನು ಕರೆಸಿ. ಹೆಚ್ಚಿನ ಮಕ್ಕಳಲ್ಲಿ ಕೂಡಿದ ಬೆರಳು ಬಿಟ್ಟರೆ ಬೇರೆ ಯಾವ ತೊಂದರೆಯೂ ಇರುವುದಿಲ್ಲ. ಕೆಲವರಲ್ಲಿ ಮಾತ್ರ ಅದು ಇನ್ನೊಂದು ಸಮಸ್ಯೆಯ ಗುರುತಾಗಿರುತ್ತದೆ. ಎದೆಯ ಒಂದು ಬದಿ ಚಪ್ಪಟೆಯಾಗಿದ್ದು ಅದೇ ಬದಿಯ ಕೈ ಚಿಕ್ಕದಾಗಿದ್ದರೆ, ಅದು ಎದೆಯ ಸ್ನಾಯು ಬೆಳೆಯದ ಪೋಲಂಡ್ ಸಿಂಡ್ರೋಮ್ ಆಗಿರಬಹುದು. ಎರಡೂ ಕೈ, ಎರಡೂ ಕಾಲುಗಳ ಬೆರಳುಗಳು ಮುದ್ದೆಯಾಗಿ ಕೂಡಿದ್ದು, ತಲೆಯ ಆಕಾರವೂ ಬೇರೆಯಾಗಿದ್ದರೆ ಏಪರ್ಟ್ ಸಿಂಡ್ರೋಮ್ ಇದೆಯೇ ಎಂದು ನೋಡುತ್ತಾರೆ. ಹಾಗಾಗಿ ತಲೆ, ಎದೆ, ಹೃದಯದ ಬಡಿತ, ಎರಡೂ ಕೈ, ಎರಡೂ ಪಾದ ಇವಿಷ್ಟನ್ನೂ ನೋಡಿದ್ದೇವೆ ಎಂದು ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಳ್ಳಿ.

ಒಂದು ಸಂದರ್ಭದಲ್ಲಿ ಮಾತ್ರ ಗಂಟೆಯೂ ಕಾಯಬಾರದು. ಬೆರಳಿನ ಸುತ್ತ ದಾರ ಬಿಗಿದಂತೆ ಆಳವಾದ ಗೆರೆಯಿದ್ದು, ಅದರ ಆಚೆಗಿನ ತುದಿ ಊದಿ ನೀಲಿಯಾಗುತ್ತಿದ್ದರೆ ಅಲ್ಲಿ ರಕ್ತ ಓಡಾಡುತ್ತಿಲ್ಲ ಎಂದರ್ಥ. ಕೂಡಲೇ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ.

ಇನ್ನೊಂದು ಮಾತನ್ನು ಕೈ ಮುಗಿದು ಹೇಳುತ್ತೇನೆ. ಬೆರಳ ನಡುವೆ ಕೂದಲು, ರೇಷ್ಮೆ ದಾರ, ಕುದುರೆ ಬಾಲದ ಎಳೆ ಕಟ್ಟಿದರೆ ತಾನಾಗಿಯೇ ಬಿಡಿಸಿಕೊಳ್ಳುತ್ತದೆ ಎನ್ನುವವರಿದ್ದಾರೆ. ಆ ಚರ್ಮದೊಳಗೆ ರಕ್ತನಾಳಗಳೂ ನರಗಳೂ ಇವೆ. ದಾರ ಬಿಗಿದರೆ ಕೀವಾಗುತ್ತದೆ, ಬೆರಳನ್ನೇ ಕಳೆದುಕೊಳ್ಳಬೇಕಾದೀತು.

ಮನೆಯಲ್ಲೇ ನೋಡಿಕೊಳ್ಳಬೇಕಾದ ನಾಲ್ಕು ಸಂಗತಿಗಳು

ಮಗು ಹಾಲು ಕುಡಿದು ನಿದ್ದೆಗೆ ಜಾರಿದಾಗ ಮುಷ್ಟಿ ಸಡಿಲವಾಗುತ್ತದೆ. ಆಗ ನಿಧಾನವಾಗಿ ಬಿಡಿಸಿ ನೋಡಿ. ಯಾವ ಬೆರಳಿಗೆ ಯಾವುದು ಕೂಡಿದೆ? ಅರ್ಧಕ್ಕೆ ನಿಂತಿದೆಯೋ ತುದಿಯವರೆಗೂ ಹೋಗಿದೆಯೋ? ಉಗುರು ಎರಡೋ ಒಂದೇ ಅಗಲ ಉಗುರೋ? ಒಂದು ಬೆರಳನ್ನು ಮೆಲ್ಲಗೆ ಮಡಿಸಿದರೆ ಇನ್ನೊಂದು ಸ್ವಲ್ಪ ಹಿಂದೆ ಉಳಿಯುತ್ತದೆಯೋ, ಎರಡೂ ಕಡ್ಡಿಯಂತೆ ಒಟ್ಟಿಗೇ ಏಳುತ್ತವೆಯೋ? ಎರಡೂ ಕೈಗಳ ಫೋಟೊವನ್ನು ಒಳಗಿನಿಂದಲೂ ಹೊರಗಿನಿಂದಲೂ ಹಗಲು ಬೆಳಕಿನಲ್ಲಿ ತೆಗೆದಿಡಿ.

ಚರ್ಮವಷ್ಟೇ ಕೂಡಿದ್ದರೆ ಚಿಕಿತ್ಸೆ ಸರಳ. ಉಗುರು ಒಂದೇ ಆಗಿದ್ದರೆ ತುದಿಯ ಮೂಳೆಯೂ ಕೂಡಿರುವ ಸಾಧ್ಯತೆ ಹೆಚ್ಚು, ಅದನ್ನು ಎಕ್ಸ್-ರೇ ತೋರಿಸುತ್ತದೆ. ಹುಟ್ಟಿದ ಮಗುವಿನ ಎಷ್ಟೋ ಮೂಳೆಗಳು ಇನ್ನೂ ಮೆದುವಾಗಿಯೇ ಇರುವುದರಿಂದ ಕೆಲವು ತಿಂಗಳ ನಂತರ ಎಕ್ಸ್-ರೇ ಮತ್ತೊಮ್ಮೆ ತೆಗೆಸಲು ಹೇಳಬಹುದು. ಗಾಬರಿ ಬೇಡ.

ಯಾವಾಗ ಶಸ್ತ್ರಚಿಕಿತ್ಸೆ?

ಕೈಯ ಐದು ಬೆರಳುಗಳು ಒಂದೇ ಉದ್ದವಿಲ್ಲ. ಕೇಳಿದರೆ ನಗು ಬರುವಷ್ಟು ಸಾಮಾನ್ಯ ಸಂಗತಿ, ಆದರೆ ಎಲ್ಲ ನಿರ್ಧಾರವೂ ಇದರ ಮೇಲೇ ನಿಂತಿದೆ. ಉದ್ದವಾದ ಎತ್ತಿಗೂ ಗಿಡ್ಡ ಕರುವಿಗೂ ಒಂದೇ ನೊಗ ಹಾಕಿದರೆ ಏನಾಗುತ್ತದೆ? ಗಿಡ್ಡದ್ದು ದೊಡ್ಡದರ ಕೊರಳನ್ನು ತನ್ನತ್ತ ಎಳೆಯುತ್ತದೆ. ಹೆಬ್ಬೆರಳು–ತೋರುಬೆರಳು, ಉಂಗುರ ಬೆರಳು–ಕಿರುಬೆರಳು ಹೀಗೆ ಅಂಚಿನ ಜೋಡಿಗಳು ಕೂಡಿದ್ದರೆ ಬೆಳೆಯುತ್ತಾ ಹೋದಂತೆ ಉದ್ದ ಬೆರಳು ಬಾಗುತ್ತದೆ. ಆದ್ದರಿಂದ ಈ ಜೋಡಿಗಳನ್ನು ಸಾಮಾನ್ಯವಾಗಿ ಆರು ತಿಂಗಳ ಸುಮಾರಿಗೆ, ಮೊದಲ ಹುಟ್ಟುಹಬ್ಬದೊಳಗೆ ಬಿಡಿಸುತ್ತಾರೆ.

ನಡುಬೆರಳು ಮತ್ತು ಉಂಗುರ ಬೆರಳಿನ ಉದ್ದ ಹೆಚ್ಚುಕಡಿಮೆ ಸಮ. ಕೈಯಲ್ಲಿ ಅತಿ ಹೆಚ್ಚು ಕೂಡುವುದೂ ಈ ಜೋಡಿಯೇ. ಇದಕ್ಕೆ ಒಂದರಿಂದ ಎರಡು ವರ್ಷದೊಳಗಿನ ಸಮಯ ಸೂಕ್ತ. ಆಗ ಮಗುವಿನ ಕೈ ಸ್ವಲ್ಪ ದೊಡ್ಡದಾಗಿರುತ್ತದೆ, ಅರಿವಳಿಕೆ ಕೊಡುವುದು ಮೊದಲ ತಿಂಗಳುಗಳಿಗಿಂತ ಸುರಕ್ಷಿತ, ಮತ್ತೆ ಕೂಡುವ ಭಯವೂ ಕಡಿಮೆ. ನನ್ನ ಮಗಳಿಗೆ ಒಂದೂವರೆ ವರ್ಷಕ್ಕೆ ಮಾಡಿಸಿದೆವು.

ಮೂರು ಬೆರಳು ಕೂಡಿದ್ದರೆ ಒಂದೇ ಸಲ ಎಲ್ಲವನ್ನೂ ಬಿಡಿಸುವುದಿಲ್ಲ. ನಡುವಿನ ಬೆರಳಿನ ಎರಡೂ ಬದಿ ಒಟ್ಟಿಗೆ ಸೀಳಿದರೆ ಅದಕ್ಕೆ ರಕ್ತ ಸಾಲದೆ ಹೋಗಬಹುದು. ಒಂದು ಬದಿ ಮುಗಿಸಿ, ಕೆಲವು ತಿಂಗಳು ಬಿಟ್ಟು, ಇನ್ನೊಂದು ಬದಿ. ‘ಒಂದೇ ಸಲ ಮುಗಿಸಿಬಿಡಿ, ಮತ್ತೆ ಮತ್ತೆ ಬರಲು ಆಗುವುದಿಲ್ಲ’ ಎಂದು ವೈದ್ಯರ ಮೇಲೆ ಒತ್ತಡ ಹಾಕಬೇಡಿ.

ಕಾಲ್ಬೆರಳಾದರೆ

ಹೆಬ್ಬೆರಳ ಪಕ್ಕದ ಎರಡು ಕಾಲ್ಬೆರಳುಗಳು ಅರ್ಧದವರೆಗೆ ಕೂಡಿರುವುದು ಬಹಳ ಜನರಲ್ಲಿದೆ. ನಡೆಯಲು, ಓಡಲು, ಹೊಲದಲ್ಲಿ ದುಡಿಯಲು ಅದರಿಂದ ಅಡ್ಡಿಯಿಲ್ಲ. ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಬೇಕಿಲ್ಲ. ಹೆಣ್ಣುಮಗುವಿಗೆ ಮುಂದೆ ಕಾಲುಂಗುರ ಹೇಗೆ ಎಂದು ಈಗಲೇ ಕೊರಗಿ ಮಗುವಿನ ಪಾದಕ್ಕೆ ಕಲೆ ಮಾಡಿಸುವುದು ನನಗಂತೂ ಸರಿ ಕಾಣುವುದಿಲ್ಲ. ಹೆಬ್ಬೆರಳು ಸೇರಿದ್ದರೆ, ಬೆರಳು ಸೊಟ್ಟಗಾಗುತ್ತಿದ್ದರೆ ಅಥವಾ ಚಪ್ಪಲಿ ಒತ್ತಿ ಹುಣ್ಣಾಗುತ್ತಿದ್ದರೆ ತೋರಿಸಿ.

ಎಲ್ಲಿಗೆ ಹೋಗಬೇಕು, ಯಾವ ಕಾಗದ ಬೇಕು

ಆಸ್ಪತ್ರೆಯಲ್ಲಿ ಹೆರಿಗೆಯಾದ ಮೇಲೆ ಆಶಾ ಕಾರ್ಯಕರ್ತೆ 42 ದಿನಗಳೊಳಗೆ ಹಲವು ಬಾರಿ ಮನೆಗೆ ಬರುತ್ತಾರೆ. ಕೈ ಮುಚ್ಚಿಡದೆ ತೋರಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ನಡೆಯುತ್ತಿದೆ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ಅದರ ತಂಡ ನೋಡುತ್ತದೆ, ಅಂಗನವಾಡಿಗೆ ವರ್ಷಕ್ಕೆ ಎರಡು ಬಾರಿ, ಶಾಲೆಗೆ ಒಂದು ಬಾರಿ ಬರುತ್ತದೆ. ಸೀಳುತುಟಿ, ಸೊಟ್ಟಪಾದದಂತೆ ಕೂಡಿದ ಬೆರಳು ಆ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಇಲ್ಲ. ಆದರೂ ತಂಡದ ವೈದ್ಯರಿಗೆ ತೋರಿಸಿ, ಜಿಲ್ಲಾ ಆಸ್ಪತ್ರೆಗೆ ಚೀಟಿ ಬರೆದುಕೊಡುವಂತೆ ಕೇಳಿ.

ನಮ್ಮ ಮೂರೂ ಜಿಲ್ಲೆಗಳಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಬಳ್ಳಾರಿಯಲ್ಲಿ ಜನ ಈಗಲೂ ವಿಮ್ಸ್ ಎಂದೇ ಕರೆಯುವ ಆಸ್ಪತ್ರೆ, ರಾಯಚೂರಿನಲ್ಲಿ ರಿಮ್ಸ್, ಕೊಪ್ಪಳದಲ್ಲಿ ಕೊಪ್ಪಳ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ. ಅಲ್ಲಿ ‘ಪ್ಲಾಸ್ಟಿಕ್ ಸರ್ಜರಿ ವೈದ್ಯರು ಯಾವ ದಿನ ನೋಡುತ್ತಾರೆ?’ ಎಂದು ಕೇಳಿ. ಪ್ಲಾಸ್ಟಿಕ್ ಸರ್ಜರಿ ಎಂದರೆ ಸಿನಿಮಾದವರ ಮೂಗಿಗೆ ಮಾಡುವುದು ಎಂದು ನಾನೂ ತಿಳಿದಿದ್ದೆ. ಮಕ್ಕಳ ಕೈ ಸರಿಪಡಿಸುವ ತರಬೇತಿ ಪಡೆದವರು ಅವರೇ. ಕೆಲವೆಡೆ ಮಕ್ಕಳ ಶಸ್ತ್ರಚಿಕಿತ್ಸಕರು ಅಥವಾ ಕೈ ಶಸ್ತ್ರಚಿಕಿತ್ಸೆ ಬಲ್ಲ ಮೂಳೆ ತಜ್ಞರು ಮಾಡುತ್ತಾರೆ. ಇಲ್ಲಿ ಆಗದಿದ್ದರೆ ಹುಬ್ಬಳ್ಳಿಗೋ ಬೆಂಗಳೂರಿಗೋ ಬರೆಸಿಕೊಳ್ಳಿ. ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಯಿದೆ, ಮಕ್ಕಳಿಗಾಗಿಯೇ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಿದೆ. ಕೊಪ್ಪಳ, ಹೊಸಪೇಟೆ, ಬಳ್ಳಾರಿ ಕಡೆಯವರಿಗೆ ರಾತ್ರಿಯ ಹಂಪಿ ಎಕ್ಸ್‌ಪ್ರೆಸ್ ಅನುಕೂಲ. ಮಗುವನ್ನು ಮಲಗಿಸಿಕೊಂಡು ಹೋಗಬಹುದು.

ಖರ್ಚಿನ ಮಾತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಚೀಟಿ ಬೇಕು. ಆಸ್ಪತ್ರೆಯಲ್ಲಿ ‘ಆರೋಗ್ಯ ಮಿತ್ರ’ ಎಂಬವರು ಕುಳಿತಿರುತ್ತಾರೆ. ಈ ಶಸ್ತ್ರಚಿಕಿತ್ಸೆಗೆ ಯೋಜನೆಯಡಿ ಅನುಮತಿ ಸಿಗುತ್ತದೆಯೇ, ಎಷ್ಟು ದಿನ ಹಿಡಿಯುತ್ತದೆ ಎಂದು ಅವರನ್ನೇ ಕೇಳಿ. ಮಗುವಿನ ಜನನ ಪ್ರಮಾಣ ಪತ್ರ, ಆಧಾರ್, ಪಡಿತರ ಚೀಟಿ ಇವು ಸಿದ್ಧವಿರಲಿ. ನಾವು ದಾಖಲಾಗುವ ದಿನ ಪಡಿತರ ಚೀಟಿಯಲ್ಲಿ ಮಗಳ ಹೆಸರಿಲ್ಲದೆ ಹದಿನೈದು ದಿನ ಅಲೆದಾಡಿದೆವು. ಐದು ವರ್ಷದೊಳಗಿನ ಮಗುವಿನ ಆಧಾರ್‌ಗೆ ಬೆರಳಚ್ಚು ತೆಗೆದುಕೊಳ್ಳುವುದಿಲ್ಲ, ಆದ್ದರಿಂದ ಕೂಡಿದ ಬೆರಳಿನ ಕಾರಣಕ್ಕೆ ಅದನ್ನು ಮುಂದೂಡಬೇಡಿ.

ವೈದ್ಯರು ಏನು ಮಾಡುತ್ತಾರೆ

ಇದನ್ನು ತಿಳಿದುಕೊಂಡರೆ ಅರ್ಧ ಭಯ ಹೋಗುತ್ತದೆ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರನ್ನು ಕೇಳಿ ನೋಡಿ: ಲಂಗವೊಂದನ್ನು ನಡುವೆ ಸೀಳಿ ಎರಡು ಕಾಲಿನ ಪ್ಯಾಂಟ್ ಮಾಡಲು ಬರುತ್ತದೆಯೇ? ಬಟ್ಟೆ ಸಾಲುವುದಿಲ್ಲ. ಒಳಬದಿಗೆ ತುಂಡು ಕೂಡಿಸಲೇಬೇಕು. ಬೆರಳಿನ ಲೆಕ್ಕವೂ ಅದೇ. ಬಿಡಿಸಿದ ಎರಡು ಬೆರಳುಗಳ ಸುತ್ತ ಹೊದಿಸಲು ಇರುವ ಚರ್ಮ ಸಾಲದು.

ಅದಕ್ಕಾಗಿ ಬೆರಳ ಸಂದಿಗೆ ಕೈಯ ಹಿಂಬದಿಯ ಚರ್ಮವನ್ನೇ ಮಡಿಸಿ ತರುತ್ತಾರೆ, ಉಳಿದ ಖಾಲಿ ಜಾಗಕ್ಕೆ ಹೆಚ್ಚಾಗಿ ತೊಡೆಸಂದಿನಿಂದ ತೆಗೆದ ಚರ್ಮದ ತುಂಡು ಕೂಡಿಸುತ್ತಾರೆ. ಬೆರಳ ಉದ್ದಕ್ಕೂ ಕೊಯ್ಯುವುದು ಅಂಕುಡೊಂಕಾಗಿ. ನೇರ ಗೆರೆಯಲ್ಲಿ ಕೊಯ್ದರೆ ಗಾಯ ಮಾಯುವಾಗ ಹಗ್ಗದಂತೆ ಕುಗ್ಗಿ ಬೆರಳನ್ನು ಬಗ್ಗಿಸಿಬಿಡುತ್ತದೆ. ನಮಗೊಬ್ಬರು ‘ಹತ್ತು ನಿಮಿಷದ ಕೆಲಸ, ಇಲ್ಲೇ ಸೀಳಿ ಹೊಲಿಗೆ ಹಾಕುತ್ತೇನೆ’ ಎಂದಿದ್ದರು. ಒಪ್ಪಿರಲಿಲ್ಲವಲ್ಲ ಎಂದು ಇಂದಿಗೂ ನೆಮ್ಮದಿಪಡುತ್ತೇನೆ.

ವೈದ್ಯರನ್ನು ಈ ಪ್ರಶ್ನೆಗಳನ್ನು ಕೇಳಿ: ಮೂಳೆ ಕೂಡಿದೆಯೇ? ಚರ್ಮ ಎಲ್ಲಿಂದ ತೆಗೆಯುತ್ತೀರಿ? ಎಷ್ಟು ಸಲ ಶಸ್ತ್ರಚಿಕಿತ್ಸೆ ಬೇಕಾಗಬಹುದು? ಪ್ಲಾಸ್ಟರ್ ಎಷ್ಟು ದಿನ? ಚರ್ಮದ ಪ್ರಶ್ನೆ ಮುಖ್ಯ. ತೊಡೆಸಂದಿನ ಒಳಭಾಗದಿಂದ ತೆಗೆದರೆ ಮಗು ಪ್ರಾಯಕ್ಕೆ ಬಂದಾಗ ಬೆರಳಲ್ಲಿ ಕೂದಲು ಬರಬಹುದು, ಹೊರಬದಿಗೆ ಸರಿದು ತೆಗೆದರೆ ಆ ತೊಂದರೆ ತಪ್ಪುತ್ತದೆ. ನಮ್ಮ ಮೈಬಣ್ಣದವರಲ್ಲಿ ಕೂಡಿಸಿದ ಚರ್ಮ ಸುತ್ತಲಿನದಕ್ಕಿಂತ ಕಪ್ಪಾಗುವುದು ಸಾಮಾನ್ಯ. ಅದನ್ನು ಮೊದಲೇ ತಿಳಿದಿರಿ.

ಶಸ್ತ್ರಚಿಕಿತ್ಸೆಯ ಹಿಂದುಮುಂದಿನ ದಿನಗಳು

ಶೀತ, ಕೆಮ್ಮು, ಜ್ವರ ಇದ್ದರೆ ಮುಚ್ಚಿಡದೆ ಹೇಳಿ. ದಿನಾಂಕ ಮುಂದಕ್ಕೆ ಹೋದರೂ ಸರಿ. ಹೊಟ್ಟೆ ಖಾಲಿ ಇಡುವ ನಿಯಮ ಬಿಗಿಯಾಗಿರುತ್ತದೆ: ಊಟ, ಹಸುವಿನ ಹಾಲು, ಪುಡಿ ಹಾಲು ನಿಲ್ಲಿಸಿ 6 ಗಂಟೆ, ತಾಯಿಹಾಲು ನಿಲ್ಲಿಸಿ 4 ಗಂಟೆ, ನೀರು ನಿಲ್ಲಿಸಿ 2 ಗಂಟೆ ಎಂಬುದು ರೂಢಿ. ಅರಿವಳಿಕೆ ವೈದ್ಯರು ಹೇಳುವ ಸಮಯವೇ ಕೊನೆಯ ಮಾತು. ಮಗು ಅಳುತ್ತದೆಂದು ಅಜ್ಜಿ ಸೆರಗಿನ ಮರೆಯಲ್ಲಿ ಬಿಸ್ಕತ್ತು ಕೊಟ್ಟರೆ ಅದು ಶ್ವಾಸಕೋಶಕ್ಕೆ ಹೋಗಿ ಪ್ರಾಣಕ್ಕೇ ಬರಬಹುದು. ಎಲ್ಲರಿಗೂ ಹಿಂದಿನ ದಿನವೇ ಹೇಳಿಡಿ.

ಮಗು ಹೊರಬರುವಾಗ ಚಿಕ್ಕ ಮಕ್ಕಳಿಗೆ ಹೆಚ್ಚಾಗಿ ಮೊಣಕೈಗಿಂತ ಮೇಲಿನವರೆಗೂ ದಪ್ಪ ಪಟ್ಟಿ, ಪ್ಲಾಸ್ಟರ್ ಇರುತ್ತದೆ. ಇಷ್ಟೇ ಇಷ್ಟು ಬೆರಳಿಗೆ ಇಷ್ಟು ದೊಡ್ಡ ಪ್ಲಾಸ್ಟರೇ ಎಂದು ನಾನು ಅತ್ತುಬಿಟ್ಟೆ. ಚಿಕ್ಕದು ಹಾಕಿದರೆ ಮಕ್ಕಳು ಕೊಡವಿ ಕಳಚಿಬಿಡುತ್ತಾರೆ, ಕೂಡಿಸಿದ ಚರ್ಮ ಅಲುಗಾಡಿದರೆ ಹಿಡಿಯುವುದಿಲ್ಲ. ಎರಡು ಮೂರು ವಾರ ಹಾಗೆಯೇ ಇರಬೇಕು.

ಆ ದಿನಗಳಲ್ಲಿ ಕೈಯನ್ನು ಎದೆಯ ಮಟ್ಟಕ್ಕಿಂತ ಮೇಲಿರಿಸಿ, ಮಲಗಿದಾಗ ಕೆಳಗೆ ದಿಂಬಿಡಿ. ಪಟ್ಟಿಯ ತುದಿಯಲ್ಲಿ ಬೆರಳ ತುದಿಗಳು ಕಾಣುತ್ತಿದ್ದರೆ ಹಗಲು ರಾತ್ರಿ ಗಮನಿಸಿ. ಕೆಂಪಗೆ ಬೆಚ್ಚಗಿದ್ದರೆ ಸರಿ. ನೀಲಿಯಾದರೆ, ಬಿಳಿಚಿಕೊಂಡರೆ, ತಣ್ಣಗಾದರೆ, ಪಟ್ಟಿಯಿಂದ ಕೆಟ್ಟ ವಾಸನೆ ಬಂದರೆ, ಜ್ವರ ಬಂದರೆ, ಔಷಧಿ ಕೊಟ್ಟರೂ ಅಳು ನಿಲ್ಲದಿದ್ದರೆ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೊರಡಿ. ಪ್ಲಾಸ್ಟರ್ ಜಾರಿದರೂ ಅಷ್ಟೇ, ನೀವೇ ಮತ್ತೆ ಕಟ್ಟಬೇಡಿ. ನೀರು ತಾಗಬಾರದು. ಮೈ ಒರೆಸಿದರೆ ಸಾಕು.

ರಾಯಚೂರಿನ ಏಪ್ರಿಲ್, ಮೇ ಬಿಸಿಲು ಹೇಗಿರುತ್ತದೆಂದು ನಿಮಗೆ ಹೇಳಬೇಕಿಲ್ಲ. ಪ್ಲಾಸ್ಟರಿನೊಳಗೆ ಬೆವರು, ತುರಿಕೆ. ಆತುರದ ಜೋಡಿಯಲ್ಲದಿದ್ದರೆ ದಿನಾಂಕವನ್ನು ನವೆಂಬರ್‌ನಿಂದ ಫೆಬ್ರವರಿಯೊಳಗೆ ಕೊಡುವಂತೆ ಕೇಳಿಕೊಳ್ಳಿ. ತುರಿಸಲು ಕಡ್ಡಿ, ಪಿನ್ನು, ಬಳೆ ಚೂರು ಒಳಗೆ ತೂರಿಸಬೇಡಿ.

ಪ್ಲಾಸ್ಟರ್ ತೆಗೆದ ಮೇಲೆ

ಗಾಯ ಪೂರ್ತಿ ಮಾಯಿದೆ ಎಂದು ವೈದ್ಯರು ಹೇಳಿದ ಮೇಲೆ ನಿಜವಾದ ಮನೆಗೆಲಸ ಶುರು. ಕೊಬ್ಬರಿ ಎಣ್ಣೆಯನ್ನೋ ಅವರು ಹೇಳಿದ ಮುಲಾಮನ್ನೋ ಹಚ್ಚಿ ದಿನಕ್ಕೆ ಮೂರು ನಾಲ್ಕು ಸಲ, ಐದು ನಿಮಿಷ, ಕಲೆಯನ್ನೂ ಬೆರಳ ಸಂದಿಯನ್ನೂ ಒತ್ತಿ ತಿಕ್ಕಿ. ಸವರಿದರೆ ಸಾಲದು, ಒತ್ತಿದಾಗ ಚರ್ಮ ಬಿಳಿಚಬೇಕು. ಕಲೆ ಉಬ್ಬುತ್ತಿದ್ದರೆ ಸಿಲಿಕಾನ್ ಹಾಳೆ, ರಾತ್ರಿ ಹಾಕುವ ಪಟ್ಟಿ ಬೇಕೇ ಎಂದು ಕೇಳಿ. ತಿಂಗಳುಗಟ್ಟಲೆ ಬಿಡದೆ ಮಾಡಬೇಕು.

ವ್ಯಾಯಾಮಕ್ಕೆ ಬೇರೆ ಆಟಿಕೆ ಕೊಂಡಿಲ್ಲ ನಾವು. ರೊಟ್ಟಿ ಬಡಿಯಲು ನಾದಿದ ಜೋಳದ ಹಿಟ್ಟಿನಲ್ಲಿ ನಿಂಬೆಹಣ್ಣಿನಷ್ಟು ಉಂಡೆ ಕೊಟ್ಟು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದೆ. ಒಂದು ದಿನ ಅವಳು ಹಿಟ್ಟಿನಲ್ಲಿ ಬೆರಳೂರಿ ಎತ್ತಿ, ಮೂಡಿದ ಗುಳಿಗಳನ್ನು ನೋಡಿದಳು. ನಡುವಿನ ಎರಡು ಗುಳಿಗಳ ಮಧ್ಯೆ ಹಿಟ್ಟಿನ ಸಣ್ಣ ಗೋಡೆ ನಿಂತಿತ್ತು. ಅದನ್ನು ಮತ್ತೆ ಮತ್ತೆ ಮಾಡಿ ನೋಡಿದಳು. ಅತ್ತೆ ತವೆಯ ಮೇಲಿನ ರೊಟ್ಟಿ ಮರೆತು ಅವಳನ್ನೇ ನೋಡುತ್ತಿದ್ದರು.

ಮುಂದಿನ ಮಗು ಬೇಕೆಂದಿದ್ದರೆ

ನಿಮ್ಮ, ನಿಮ್ಮ ಗಂಡನ, ಎರಡೂ ಕಡೆಯ ಹಿರಿಯರ ಕೈಕಾಲು ನೋಡಿ. ಅಜ್ಜನ ಕಾಲ್ಬೆರಳು ಸ್ವಲ್ಪ ಕೂಡಿರುವುದು ಯಾರ ಗಮನಕ್ಕೂ ಬಂದಿರುವುದಿಲ್ಲ. ವಂಶದಲ್ಲಿ ಬರುವ ಸಾಮಾನ್ಯ ಬಗೆಯಲ್ಲಿ, ತಂದೆ ಅಥವಾ ತಾಯಿಗೆ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಕೆಲವು ಅಪರೂಪದ ಬಗೆಗಳು ಸೋದರ ಸಂಬಂಧದ ಮದುವೆಗಳಲ್ಲಿ ಹೆಚ್ಚು. ಮಗುವಿಗೆ ಬೇರೆ ತೊಂದರೆಗಳೂ ಇದ್ದರೆ ವಂಶವಾಹಿ ತಜ್ಞರನ್ನು ಕಾಣಿ. ಐದನೆಯ ತಿಂಗಳ ಸ್ಕ್ಯಾನ್‌ನಲ್ಲಿ ಚರ್ಮವಷ್ಟೇ ಕೂಡಿದ ಬೆರಳು ಕಾಣದೆ ಹೋಗಬಹುದು. ಅದಕ್ಕಾಗಿ ಸ್ಕ್ಯಾನ್ ಮಾಡಿದವರನ್ನು ದೂರಬೇಡಿ.

ಬೆಳೆಯುವವರೆಗೂ ಒಂದು ಕಣ್ಣಿಡಿ

ಬೆರಳ ಸಂದಿ ವರ್ಷಗಳು ಕಳೆದಂತೆ ಮೆಲ್ಲಗೆ ಮೇಲಕ್ಕೆ ತೆವಳುವುದುಂಟು, ಕಲೆ ಬೆಳೆಯದೆ ಬೆರಳು ಬಾಗುವುದುಂಟು. ಮೊದಲ ಶಸ್ತ್ರಚಿಕಿತ್ಸೆ ಚೆನ್ನಾಗಿ ಆಗಿದ್ದರೂ ಹೀಗಾಗಬಹುದು. ನನ್ನ ಮಗಳಿಗೆ ಆರನೆಯ ವರ್ಷದಲ್ಲಿ ಸಂದಿಯನ್ನು ಮತ್ತೊಮ್ಮೆ ಸರಿಪಡಿಸಬೇಕಾಯಿತು. ಅದು ಸಣ್ಣದಾಗಿತ್ತು, ಬೇಗ ಮಾಯಿತು. ಶಾಲೆಗೆ ಸೇರಿಸುವಾಗ ಶಿಕ್ಷಕಿಗೆ ನೀವೇ ಮೊದಲು ಹೇಳಿ. ಕಲೆಯ ಬಗ್ಗೆ ಯಾರಾದರೂ ಕೇಳಿದರೆ ‘ಹುಟ್ಟುವಾಗ ಕೂಡಿತ್ತು, ಡಾಕ್ಟರ್ ಬಿಡಿಸಿದರು’ ಎನ್ನಲು ಮಗುವಿಗೆ ಕಲಿಸಿ. ನನ್ನ ಮಗಳು ಈಗ ಹಾಗೆ ಹೇಳಿ ಆಟಕ್ಕೆ ಓಡುತ್ತಾಳೆ.

ಪ್ರತಿ ಯುಗಾದಿಗೆ ಒಂದು ನೋಟ್‌ಬುಕ್ಕಿನಲ್ಲಿ ಅವಳ ಎರಡೂ ಅಂಗೈಗಳನ್ನು ಊರಿಸಿ ಪೆನ್ಸಿಲ್‌ನಿಂದ ಸುತ್ತ ಗೆರೆ ಎಳೆಯುತ್ತೇನೆ. ನೀವೂ ಹಾಗೆಯೇ ಮಾಡಿ. ಕೈಯ ಹಿಂಬದಿಯಿಂದ ನೋಡಿದರೆ ಸಂದಿಯು ಬೆರಳ ಬುಡದ ಗೆಣ್ಣಿಗೂ ಮೊದಲ ಮಡಿಕೆಗೂ ಸುಮಾರು ನಡುವೆ ಇರಬೇಕು. ಹಿಂದಿನ ವರ್ಷದ ಗೆರೆಗೂ ಇನ್ನೊಂದು ಕೈಗೂ ಹೋಲಿಸಿದಾಗ ಅದು ತುದಿಯ ಕಡೆಗೆ ಸರಿದಿದ್ದರೆ, ಅಥವಾ ಬೆರಳು ಕಾಗದದ ಮೇಲೆ ಸಪಾಟಾಗಿ ಕೂರದಿದ್ದರೆ, ಆ ನೋಟ್‌ಬುಕ್ಕನ್ನೇ ಹಿಡಿದು ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರ ಬಳಿಗೆ ಹೋಗಿ.